ಅರ್ಧ ನಿಮ್ದು, ಅರ್ಧ ನಂದು

ಕಳೆದ ಚಳಿಗಾಲದಲ್ಲಿ ನಾನು 280 ಯೂರೋ ಕಳೆದುಕೊಂಡೆ. ಜೇಬುಗಳ್ಳರು ಹೊಡೆದದ್ದಲ್ಲ, ಇಸ್ಪೀಟಿನಲ್ಲಿ ಹೋದದ್ದೂ ಅಲ್ಲ. ಕ್ಯಾಮೆರಾದ ಒಂದು ಹಳೇ ಲೆನ್ಸ್ ಕೊಂಡೆ. ಆ ಲೆನ್ಸನ್ನು ಇವತ್ತಿನವರೆಗೂ ಕಣ್ಣಿಂದ ನೋಡಿಲ್ಲ.

ನಾನಿರುವುದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಮಾರಿದವರು ಕೀಲ್ ಊರಿನ ನಿವೃತ್ತ ಮೇಷ್ಟ್ರು. ಕೀಲ್ ಅಂದರೆ ದೇಶದ ಉತ್ತರದ ತುದಿ, ಸಮುದ್ರದ ಪಕ್ಕ. ಹೋಗಿ ಇಸ್ಕೊಂಡು ಬರುವ ಮಾತೇ ಇಲ್ಲ. ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಪರಿಚಯ. ದುಡ್ಡು ಹಾಕಿದ ಮರುದಿನವೇ ಕಳಿಸಿದರು, ರಸೀದಿಯ ಫೋಟೋ ಕೂಡ ಬಂತು. ಪೊಟ್ಟಣ ಮಾತ್ರ ಬರಲಿಲ್ಲ. ಎರಡು ವಾರ ಕಾದು ಅವರಿಗೆ ಬರೆದೆ. ಮೂರು ಸಾಲಿನ ಉತ್ತರ ಬಂತು: ನಾನು ಕಳಿಸಿದ್ದಕ್ಕೆ ರಸೀದಿ ಇದೆ. ವಿಮೆ ಬೇಡ ಎಂದವರು ನೀವು. ಬೇಸರವಾಯಿತು, ನಮಸ್ಕಾರ.

ವಿಮೆ ಬೇಡ ಎಂದಿದ್ದು ನಾನೇ, ನಿಜ. ಇಲ್ಲಿ ಅಂಚೆಗೆ ಹಾಕುವಾಗ ಎರಡು ದಾರಿ. ಒಂದು ಪೆಕ್‌ಶೆನ್, ಅಂದರೆ ಚಿಕ್ಕ ಪೊಟ್ಟಣ. ಅಗ್ಗ, ಆದರೆ ಕಳೆದರೆ ಕಳೆದಂತೆ. ಇನ್ನೊಂದು ಪಕೇಟ್, ಅದಕ್ಕೆ 500 ಯೂರೋವರೆಗೆ ವಿಮೆ ಸೇರಿಯೇ ಇರುತ್ತದೆ. ಎರಡರ ನಡುವೆ ಒಂದೆರಡು ಯೂರೋ ವ್ಯತ್ಯಾಸ, ಅಷ್ಟೇ. ಮೇಷ್ಟ್ರು ಕೇಳಿದ್ದರು, ಯಾವುದು ಕಳಿಸಲಿ ಅಂತ. ನಾನು ನಮ್ಮ ಅಮ್ಮನ ಮಗ. ಅಗ್ಗದ್ದು ಅಂದೆ.

ಆಮೇಲೆ ಕಾನೂನು ಹುಡುಕಿ ಓದಿದೆ, ಹೊಟ್ಟೆಯುರಿ ಇನ್ನೂ ಜಾಸ್ತಿಯಾಯಿತು. ಅಂಗಡಿಯಿಂದ ತರಿಸಿದ್ದರೆ ಸಾಮಾನು ನನ್ನ ಕೈ ಸೇರುವವರೆಗೂ ಹೊಣೆ ಅಂಗಡಿಯವರದು. ಆದರೆ ನನ್ನಂಥವನು ಇನ್ನೊಬ್ಬ ನನ್ನಂಥವನಿಂದ ಕೊಂಡರೆ ಹಾಗಲ್ಲ. ಮಾರಿದವರು ಕೌಂಟರಿನಲ್ಲಿ ಪೊಟ್ಟಣ ಕೊಟ್ಟ ಕ್ಷಣಕ್ಕೆ ಅವರ ಹೊಣೆ ಮುಗಿಯಿತು. ಅಲ್ಲಿಂದ ಮುಂದೆ ದಾರಿಯ ಕಷ್ಟವೆಲ್ಲ ಕೊಂಡವನದು. ಇಲ್ಲಿನ ನಾಗರಿಕ ಸಂಹಿತೆಯ 447ನೇ ಕಲಮು. ಸಂಹಿತೆ ಜಾರಿಗೆ ಬಂದದ್ದು 1900ರಲ್ಲಿ. ಮೇಷ್ಟ್ರಿಗೆ ಇದು ಬಾಯಿಪಾಠ ಇತ್ತೋ ಏನೋ.

ನನಗೆ ನೋವಾದದ್ದು ದುಡ್ಡಿಗಲ್ಲ. (ಸರಿ, ದುಡ್ಡಿಗೂ.) ಇನ್ನೂರ ಎಂಬತ್ತು ಯೂರೋ ಹೋದ ಮನುಷ್ಯನಿಗೆ ಮೂರು ಸಾಲು ಬರೆದು ನಮಸ್ಕಾರ ಹೇಳಿದರಲ್ಲ, ಅದಕ್ಕೆ. ಯಾಕೆಂದರೆ ಎರಡು ವರ್ಷದ ಹಿಂದೆ ಇಂಥದ್ದೇ ಊರಲ್ಲೂ ಆಗಿತ್ತು.

ಅಪ್ಪನ ಮದುವೆಗೆ ಅಜ್ಜ ಒಂದು ಎಚ್‌ಎಂಟಿ ಕಾಂಚನ್ ವಾಚು ಕೊಟ್ಟಿದ್ದರು. ಮನೆ ಬದಲಿಸುವಾಗ ಅದು ಎಲ್ಲೋ ಹೋಯಿತು. ಅಂಥದ್ದೇ ಒಂದನ್ನು ಅಪ್ಪನ ಕೈಗೆ ಕಟ್ಟಬೇಕು ಅಂತ ನನಗೆ ಹುಚ್ಚು. ಹಳೇದೇ ಬೇಕಿತ್ತು, ಅದನ್ನು ಮಾಡುತ್ತಿದ್ದ ಎಚ್‌ಎಂಟಿ ವಾಚ್ ಕಂಪನಿ 2016ರಲ್ಲೇ ಬಾಗಿಲು ಹಾಕಿತು. ಹುಡುಕಿ ಹುಡುಕಿ ತುಮಕೂರಿನಲ್ಲಿ ಒಬ್ಬರು ಸಿಕ್ಕರು. ಅಲ್ಲಿನ ವಾಚ್ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿದವರು, ಈಗ ಮನೆಯಲ್ಲಿ ಕೂತು ಹಳೇ ವಾಚು ರಿಪೇರಿ ಮಾಡಿ ಮಾರುತ್ತಾರೆ. ವಿಡಿಯೋ ಕಾಲ್‌ನಲ್ಲಿ ವಾಚನ್ನು ಫೋನಿನ ಮೈಕಿಗೆ ಒತ್ತಿ ಹಿಡಿದು ಟಿಕ್ ಟಿಕ್ ಕೇಳಿಸಿದರು. ಚೌಕಾಸಿ ಮಾಡಿ 6,500 ರೂಪಾಯಿಗೆ ಒಪ್ಪಿಸಿದೆ. ನಮ್ಮೂರು ತೀರ್ಥಹಳ್ಳಿಗೆ ಕೊರಿಯರ್ ಮಾಡಿದರು.

ಅದು ಶಿವಮೊಗ್ಗದವರೆಗೆ ಬಂದದ್ದು ಗೊತ್ತು. ಮುಂದೆ ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ. ಅಮ್ಮ ಕೊರಿಯರ್ ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿದಳು. ನಾಲ್ಕು ಸಲವೂ "ನಾಳೆ ಬರತ್ತೆ ಅಮ್ಮಾ." ಕೊನೆಗೆ ನಾನೇ ತುಮಕೂರಿಗೆ ಫೋನ್ ಹಚ್ಚಿದೆ. ಜಗಳಕ್ಕೇ ಸಿದ್ಧನಾಗಿದ್ದೆ. ಅವರು ಬಾಯಿ ಬಿಡಲು ಬಿಡಲಿಲ್ಲ.

"ಛೇ, ಹಂಗಾಯ್ತಾ ಸಾರ್? ಅಪ್ಪಾಜಿ ಕಾಯ್ತಿದ್ರೇನೋ. ನೋಡಿ, ಕಳೆದದ್ದು ನೀವೂ ಅಲ್ಲ, ನಾನೂ ಅಲ್ಲ. ಅರ್ಧ ನಿಮ್ದು, ಅರ್ಧ ನಂದು. ಆಯ್ತಾ?"

ಅವತ್ತು ಸಂಜೆಯೇ ಫೋನ್‌ಪೇಯಲ್ಲಿ 3,250 ರೂಪಾಯಿ ಬಂತು. ಜೊತೆಗೆ ಕೈ ಮುಗಿದ ಗೊಂಬೆ.

ಈ ಅರ್ಧ-ಅರ್ಧದ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ನಮ್ಮ 1930ರ ಸರಕು ಮಾರಾಟ ಕಾಯಿದೆ ತೆಗೆದು ನೋಡಿದೆ. ಅದರ 39ನೇ ಕಲಮು ಹೇಳುವುದೂ ಹೆಚ್ಚು ಕಡಿಮೆ ಜರ್ಮನಿಯ ಮಾತನ್ನೇ: ಸಾಗಿಸುವವನ ಕೈಗೆ ಕೊಟ್ಟರೆ ಸಾಮಾನ್ಯವಾಗಿ ಕೊಂಡವನ ಕೈಗೇ ಕೊಟ್ಟಂತೆ. ಅಂದರೆ ತುಮಕೂರಿನವರು ಕೀಲ್ ಮೇಷ್ಟ್ರ ಹಾಗೆ ಮೂರು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಕೊರಿಯರ್‌ನವರಿಂದ ವಸೂಲಿ ಮಾಡೋಣ ಅಂದರೆ ಚೀಟಿಯ ಹಿಂದೆ ಇರುವೆಯಂಥ ಅಕ್ಷರದಲ್ಲಿ ನೂರು ರೂಪಾಯಿ ಮಿತಿ. ಸಹಿ ಹಾಕಿದ ಚೀಟಿಯಲ್ಲಿ ಇಷ್ಟೇ ಪರಿಹಾರ ಅಂತಿದ್ದರೆ ಅಷ್ಟೇ ಸಿಗುವುದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಒಂದು ಕೊರಿಯರ್ ಕೇಸಿನಲ್ಲಿ ಹೇಳಿಬಿಟ್ಟಿದೆ. ಸ್ಪೀಡ್ ಪೋಸ್ಟ್ ಆದರೂ ಏನು ಮಹಾ? ಕಳೆದರೆ ಕಟ್ಟಿದ ಚಾರ್ಜಿನ ಎರಡು ಪಟ್ಟು ಅಥವಾ ಸಾವಿರ ರೂಪಾಯಿ, ಯಾವುದು ಕಮ್ಮಿಯೋ ಅದು.

ಎರಡೂ ಕಡೆ ಕಾನೂನು ಒಂದೇ ಥರ ಕೈ ಎತ್ತುತ್ತದೆ. ಕಾನೂನು ಕೈ ಎತ್ತಿದ ಮೇಲೆ ಮನುಷ್ಯ ಏನು ಮಾಡುತ್ತಾನೆ ಅನ್ನುವುದರಲ್ಲೇ ಫರಕು. ಇಲ್ಲಿ ಮೊದಲೇ ಎಲ್ಲ ಬರೆದಿರುತ್ತದೆ: ಖಾಸಗಿ ಮಾರಾಟ, ಗ್ಯಾರಂಟಿ ಇಲ್ಲ, ವಾಪಸ್ ತಗೊಳ್ಳಲ್ಲ. ಹತ್ತು ಯೂರೋ ಟೀಪಾಟಿನ ಜಾಹೀರಾತಿನ ಕೆಳಗೂ ಈ ಮಂತ್ರ. ಕೇಳಬೇಕಾದ್ದನ್ನು ಮುಂಚೆ ಕೇಳುತ್ತಾರೆ, ಆಮೇಲೆ ಕೇಳಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಮುಂಚೆ ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ಅದೇನೋ ಅಪನಂಬಿಕೆ. ಏನಾದರೂ ಆದ ಮೇಲೆ ಕೂತು ಮಾತಾಡುತ್ತೇವೆ. ಬಸ್ಸಿಗೆ ಹಾಕಿದ್ದೀನಿ, ಕಂಡಕ್ಟರ್ ಹತ್ರ ಇಸ್ಕೊಳ್ಳಿ ಅಂತ ಚಿನ್ನದ ಬಳೆಯನ್ನೇ ಉಪ್ಪಿನಕಾಯಿ ಡಬ್ಬಿ ಜೊತೆ ಕಳಿಸಿದ ಚಿಕ್ಕಮ್ಮ ನನಗಿದ್ದಾಳೆ. ಬಳೆ ಬಂತು, ಎಣ್ಣೆ ಮೆತ್ತಿಕೊಂಡು.

ಮೇಷ್ಟ್ರ ಉತ್ತರ ಬಂದ ವಾರ ಆಫೀಸಿನಲ್ಲಿ ಸಿಕ್ಕವರಿಗೆಲ್ಲ ತುಮಕೂರಿನ ಕತೆ ಹೇಳಿದೆ. ಒಬ್ಬ ಸಹೋದ್ಯೋಗಿ ಪೂರ್ತಿ ಕೇಳಿ, ಅವರ್ಯಾಕೆ ದುಡ್ಡು ಕೊಟ್ಟರು, ತಪ್ಪು ಅವರದಾ ಅಂದ. ಅಲ್ಲ ಅಂದೆ. ಮತ್ತೆ? ಅಂದ. ಆ "ಮತ್ತೆ"ಗೆ ಜರ್ಮನ್‌ನಲ್ಲಿ ಉತ್ತರ ಕೊಡಲು ನನಗಿನ್ನೂ ಬಂದಿಲ್ಲ.

ಇಷ್ಟು ಬರೆದು ಹೆಂಡತಿಗೆ ಓದಿ ಹೇಳಿದೆ. "ಅತ್ತಿಗೆ ಕತೆ ಬರೀಲಿಲ್ವಾ?" ಅಂದಳು. ಬರೆಯದೇ ಬಿಡೋಣ ಅಂದುಕೊಂಡಿದ್ದೆ. ಬೆಂಗಳೂರಿನ ನನ್ನ ಅತ್ತಿಗೆ ಯಾರೋ ಒಬ್ಬಾಕೆಯಿಂದ ಹಳೇ ಮೈಸೂರು ಸಿಲ್ಕ್ ಸೀರೆ ತರಿಸಿದ್ದರು, 12,000 ರೂಪಾಯಿ. ಸೀರೆ ಬರಲಿಲ್ಲ. "ಕೊರಿಯರ್‌ನವರನ್ನ ಕೇಳಿ ಮೇಡಂ" ಅಂದವಳು ಮರುದಿನ ಬ್ಲಾಕ್ ಮಾಡಿದಳು. ಅವಳು ನಿಜವಾಗಿ ಕಳಿಸಿದ್ದಳೋ ಇಲ್ಲವೋ, ಹೇಳಲು ರಸೀದಿಯೂ ಇರಲಿಲ್ಲ. ಇನ್ನು ತುಮಕೂರಿನವರ ಜೊತೆ ನನ್ನ ಮೊದಲ ಮಾತು ಶುರುವಾದದ್ದೇ "ನಿಮ್ದು ಯಾವೂರು ಸಾರ್" ಇಂದ. ಅವರ ಸೊಸೆಯ ತವರು ನಮ್ಮ ಪಕ್ಕದ ಹೊಸನಗರ ಅಂತ ಗೊತ್ತಾದ ಮೇಲೇ ವಾಚಿನ ರೇಟಿಗೆ ಬಂದದ್ದು. ಆ ಹೊಸನಗರ ಇರದಿದ್ದರೆ ಅರ್ಧ ಬರುತ್ತಿತ್ತಾ? ಬರುತ್ತಿತ್ತು ಅಂತಲೇ ನನ್ನ ನಂಬಿಕೆ. ಆದರೆ ಪಂದ್ಯ ಕಟ್ಟಲಾರೆ.

ಮೇಷ್ಟ್ರ ವಿಷಯದಲ್ಲೂ ಒಂದು ಬಾಕಿಯಿದೆ. ಹುಡುಕಿಕೊಡಿ ಅಂತ ಅಂಚೆಗೆ ಅರ್ಜಿ ಹಾಕುವುದು ಸಾಮಾನ್ಯವಾಗಿ ಕಳಿಸಿದವರು. ನನ್ನ ದೂರು ಹೋದ ದಿನವೇ ಅವರು ಅದನ್ನು ಹಾಕಿದ್ದರು, ನನಗೆ ಹೇಳಿರಲಿಲ್ಲ ಅಷ್ಟೇ. ತಿಂಗಳ ನಂತರ ಬಂದ ಉತ್ತರವನ್ನು ನನಗೆ ಕಳಿಸಿದರು: ಆ ವಿಳಾಸದಲ್ಲಿ ಈ ಹೆಸರಿನವರು ಸಿಗಲಿಲ್ಲ, ವಾಪಸ್ ಕಳಿಸಿದೆವು, ದಾರಿಯಲ್ಲಿ ಕಳೆಯಿತು. ಹೆಸರು ಹೇಗೆ ಸಿಗಬೇಕು? ಇಲ್ಲಿ ಕಟ್ಟಡಕ್ಕೆ ನಂಬರಿದ್ದರೂ ಒಳಗಿನ ಫ್ಲ್ಯಾಟಿಗೆ ಸಾಮಾನ್ಯವಾಗಿ ನಂಬರಿಲ್ಲ, ಬೆಲ್ ಪಕ್ಕದ ಹೆಸರೇ ವಿಳಾಸ. ಆ್ಯಪ್‌ನಲ್ಲಿ ನಾನು ಕೊಟ್ಟದ್ದು ಇನಿಶಿಯಲ್ ಮತ್ತು ನನ್ನ ಹೆಸರು. ಬೆಲ್ ಪಕ್ಕ ಇರುವುದು ಪಾಸ್‌ಪೋರ್ಟಿನ ಕೃಪೆಯಿಂದ ಸರ್‌ನೇಮ್ ಆದ ಊರಿನ ಹೆಸರು, "ತೀರ್ಥಹಳ್ಳಿ". ಊರಲ್ಲಾದರೆ ಕೊರಿಯರ್ ಹುಡುಗ ಕೊಪ್ಪ ಸರ್ಕಲ್ಲಿಂದ ಫೋನ್ ಮಾಡಿ "ಎಲ್ಲಿದೀರಿ" ಅನ್ನುತ್ತಿದ್ದ. ಇಲ್ಲಿ ಬೆಲ್ ನೋಡಿದರು, ಹೋದರು.

ಈಗ ತೀರ್ಥಹಳ್ಳಿಯ ಕೆಳಗೆ ನನ್ನ ಹೆಸರನ್ನೂ ಬರೆದು ಟೇಪ್ ಅಂಟಿಸಿದ್ದೇನೆ.

ಹೋದ ವಾರ ತುಮಕೂರಿನಿಂದ ಫೋಟೋ ಬಂತು. ಇನ್ನೊಂದು ಕಾಂಚನ್, ಬಿಳಿ ಡಯಲ್. "ಅಪ್ಪಾಜಿಗೆ ಕಳ್ಸ್ಲಾ ಸಾರ್?" ಕಳಿಸಿ ಅಂದೆ. ಬೆರಳು ಸುಮ್ಮನಿರಬೇಕಲ್ಲ, ವಿಮೆ ಮಾಡಿಸೋಕ್ಕಾಗತ್ತಾ, ದುಡ್ಡು ನಾನೇ ಕೊಡ್ತೀನಿ ಅಂತ ಸೇರಿಸಿದೆ.

"ಯಾಕ್ ಸಾರ್, ನನ್ ಮೇಲೆ ನಂಬಿಕೆ ಇಲ್ವಾ?"

ಎರಡು ಸಲ ಉತ್ತರ ಟೈಪ್ ಮಾಡಿ ಅಳಿಸಿದ್ದೇನೆ.