ಮೈದಾನದ ಒಂದೂವರೆ ಗಂಟೆ

ಕಳೆದ ಭಾನುವಾರ ಸಂಜೆ ನಾಲ್ಕೂವರೆಗೆ ನಮ್ಮ ಮಹಿಳಾ ಫುಟ್‌ಬಾಲ್ ತಂಡದ ಹದಿಮೂರು ಮಂದಿ ಶಿವಮೊಗ್ಗದ ಮೈದಾನವೊಂದರ ಅಂಚಿನಲ್ಲಿ ಬೂಟು ಬಿಗಿದುಕೊಂಡು ನಿಂತಿದ್ದೆವು. ಒಳಗೆ ಟೆನಿಸ್ ಬಾಲ್ ಕ್ರಿಕೆಟ್ ನಡೆದಿತ್ತು. "ಇನ್ನು ನಾಲ್ಕೇ ಓವರ್ ಅಕ್ಕಾ, ಮುಗಿಸಿಬಿಡ್ತೀವಿ" ಎಂದು ಹುಡುಗರು ಮರ್ಯಾದೆಯಿಂದಲೇ ಹೇಳಿದರು. ನಾಲ್ಕು ಓವರ್ ಮುಗಿದ ಮೇಲೆ ಇನ್ನೊಂದು ಪಂದ್ಯ ಶುರುವಾಯಿತು. ನಾವು ಒಳಗೆ ಕಾಲಿಟ್ಟಾಗ ಐದು ಇಪ್ಪತ್ತು. ನವೆಂಬರ್ ತಿಂಗಳಲ್ಲಿ ನಮ್ಮೂರಿನಲ್ಲಿ ಆರಕ್ಕೆಲ್ಲ ಕತ್ತಲು ಕವಿಯುತ್ತದೆ. ನಲವತ್ತು ನಿಮಿಷ ಆಡುವಷ್ಟರಲ್ಲಿ ಚೆಂಡು ಕಾಣದಾಯಿತು.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ಆ ಮೈದಾನ ನಮ್ಮದು ಎಂಬ ವಿಷಯ ಅವರಿಗೆ ಗೊತ್ತೇ ಇರಲಿಲ್ಲ, ಏಕೆಂದರೆ ಅದು ಎಲ್ಲಿಯೂ ಬರೆದಿಲ್ಲ. ಎರಡು ವರ್ಷಗಳ ಹಿಂದೆ ಮೈದಾನದ ಉಸ್ತುವಾರಿಯವರು "ಆಡ್ಕೊಳ್ಳಿ ಮೇಡಂ, ಯಾರು ಬೇಡ ಅಂತಾರೆ" ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು. ಆ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಬಾಯಿಮಾತಿನ ಮೈದಾನ ಯಾವಾಗಲೂ ಮೊದಲು ಬಂದವರದ್ದು, ಜೋರಾಗಿ ಕೂಗುವವರದ್ದು. ಮನೆಕೆಲಸ ಮುಗಿಸಿ ಬರುವ ಹೆಂಗಸರು ಮೊದಲು ಬಂದು ನಿಲ್ಲುವುದು ಸಾಧ್ಯವೇ ಇಲ್ಲ.

ಈ ವಿಷಯ ಯೋಚಿಸುವಾಗಲೆಲ್ಲ ನನಗೆ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಲೇಡೀಸ್ ತಂಡ ನೆನಪಾಗುತ್ತದೆ. ಮೊದಲ ಮಹಾಯುದ್ಧದ ಕಾಲಕ್ಕೆ ಮದ್ದುಗುಂಡು ತಯಾರಿಸುತ್ತಿದ್ದ ಡಿಕ್, ಕೆರ್ ಎಂಬ ಕಾರ್ಖಾನೆಯ ಕೆಲಸಗಾರ್ತಿಯರು 1917ರಲ್ಲಿ ಕಟ್ಟಿಕೊಂಡ ತಂಡವದು. ಆಟಕ್ಕಾಗಿ ಸಂಬಳ ಪಡೆದವರಲ್ಲ. ಪಂದ್ಯಗಳಿಂದ ಬಂದ ಹಣ ಗಾಯಾಳು ಸೈನಿಕರಿಗೆ, ಆಸ್ಪತ್ರೆಗಳಿಗೆ ಹೋಗುತ್ತಿತ್ತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಪಂದ್ಯ ನೋಡಲು 53,000 ಜನ ಸೇರಿದ್ದರು. ಮರುವರ್ಷ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಅಭಿಪ್ರಾಯಪಟ್ಟು ಒಂದು ನಿರ್ಣಯ ಮಾಡಿತು. ಆಡಿದವರನ್ನು ಹಿಡಿದು ಶಿಕ್ಷಿಸುವ ಮಾತು ಅದರಲ್ಲಿರಲಿಲ್ಲ. ತನ್ನ ಸದಸ್ಯ ಕ್ಲಬ್ಬುಗಳು ಮಹಿಳಾ ಪಂದ್ಯಗಳಿಗೆ ಮೈದಾನ ಕೊಡಬಾರದು ಎಂದಷ್ಟೇ ಇತ್ತು. ಅಷ್ಟೇ ಸಾಕಾಯಿತು. ಆ ನಿರ್ಬಂಧ ತೆರವಾಗಲು 1971 ಬರಬೇಕಾಯಿತು. ಡಿಕ್, ಕೆರ್ ತಂಡದವರು ಸಿಕ್ಕಸಿಕ್ಕ ಬಯಲುಗಳಲ್ಲಿ ಆಡುತ್ತಲೇ ಇದ್ದು, 1965ರಲ್ಲಿ, ನಿರ್ಬಂಧ ಸಡಿಲುವುದನ್ನು ನೋಡದೆಯೇ ತಂಡವನ್ನು ಮುಚ್ಚಿದರು. ಹೆಣ್ಣುಮಕ್ಕಳ ಆಟ ನಿಲ್ಲಿಸಲು ಆಟವನ್ನು ನಿಷೇಧಿಸಬೇಕಾಗಿಲ್ಲ, ಜಾಗ ಇಲ್ಲವೆಂದರೆ ಆಯಿತು ಎಂಬುದನ್ನು ನಾನು ಆ ಚರಿತ್ರೆಯಿಂದ ತಿಳಿದೆ. ನಮ್ಮೂರಿನಲ್ಲಿ ಯಾರೂ ನಿರ್ಣಯ ಮಾಡಿಲ್ಲ, ಯಾರಿಗೂ ದ್ವೇಷವಿಲ್ಲ, ಆದರೂ ವಾರವಾರವೂ ನಮ್ಮ ಕಾಲಡಿಯ ಜಾಗ ಹೀಗೆ ಸ್ವಲ್ಪ ಸ್ವಲ್ಪವೇ ಜಾರುತ್ತಿದೆ.

ನಮ್ಮ ತಂಡದಲ್ಲಿ ಇರುವವರು ಯಾರೆಂದು ಹೇಳಬೇಕು. ಇಬ್ಬರು ಶಾಲಾ ಶಿಕ್ಷಕಿಯರು, ಒಬ್ಬ ನರ್ಸ್, ಗಾರ್ಮೆಂಟ್ಸ್ ಕೆಲಸದ ಮೂವರು, ಡಿಗ್ರಿ ಓದುವ ಐದಾರು ಹುಡುಗಿಯರು, ಮತ್ತು ತೀರ್ಥಹಳ್ಳಿ ರಸ್ತೆಯ ಹಳ್ಳಿಯೊಂದರಿಂದ ಬರುವ ನಮ್ಮ ಗೋಲ್‌ಕೀಪರ್. ಆಕೆಗೆ ಮೂವತ್ತಮೂರು ವಯಸ್ಸು, ಎರಡು ಮಕ್ಕಳು. ಅಡಿಕೆ ಕೊಯ್ಲಿನ ಕಾಲಕ್ಕೆ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಆಕೆಯ ಬೆರಳುಗಳು ತೊಗರಿನಿಂದ ಕಪ್ಪಾಗಿರುತ್ತವೆ. ಅದೇ ಕೈಗಳಿಂದ ಭಾನುವಾರ ಚೆಂಡು ಹಿಡಿಯುತ್ತಾಳೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದಾಗ ಹೊರಗಿನವರು "ಇನ್ನೇನು ಕಷ್ಟ" ಎಂದರು. ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಆಕೆ ಎರಡೂ ಕಡೆ ಹಣ ಕೊಟ್ಟು ಬಂದು, ಕತ್ತಲಾದ ಮೇಲಿನ ಬಸ್ಸು ತಪ್ಪದಂತೆ ಓಡಬೇಕು. ಅಂಥವಳು ಬಂದು ಐವತ್ತು ನಿಮಿಷ ಬೇಲಿಯ ಬಳಿ ನಿಂತಿದ್ದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಮೈ ಬಿಸಿಮಾಡುವ ವ್ಯಾಯಾಮಕ್ಕೆ. ಇದು ಸಣ್ಣ ವಿಷಯವಲ್ಲ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಫುಟ್‌ಬಾಲ್ ಆಡುವ ಗಂಡಸರಿಗಿಂತ ಹೆಂಗಸರಿಗೆ ಎರಡು-ಮೂರು ಪಟ್ಟು ಹೆಚ್ಚು. ಇಂಥ ಗಾಯಗಳನ್ನು ತಗ್ಗಿಸಲೆಂದೇ ಫಿಫಾ 11+ ಎಂಬ ವ್ಯಾಯಾಮ ಕ್ರಮವಿದೆ: ನಿಧಾನದ ಓಟ, ತೊಡೆಯ ಹಿಂಭಾಗಕ್ಕೂ ಸೊಂಟಕ್ಕೂ ಬಲ ಕೊಡುವ ಕಸರತ್ತು, ಒಂಟಿಕಾಲಿನ ಸಮತೋಲನ, ಹಾರಿ ನೆಲಕ್ಕೆ ಇಳಿಯುವಾಗ ಮಂಡಿ ಒಳಕ್ಕೆ ಬಾಗದಂತೆ ಅಭ್ಯಾಸ. ಅದಕ್ಕೆ ಸುಮಾರು 20 ನಿಮಿಷ ಬೇಕು, ವಾರಕ್ಕೆ ಎರಡು ಬಾರಿಯಾದರೂ ಮಾಡಬೇಕು. ನಲವತ್ತು ನಿಮಿಷದಲ್ಲಿ ಇಪ್ಪತ್ತನ್ನು ಅದಕ್ಕೇ ಕೊಡಿ ಎಂದು ಸಹ ಆಟಗಾರ್ತಿಯರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಳೆದ ವರ್ಷ ಹೀಗೆಯೇ ಅವಸರದಲ್ಲಿ ಆಟಕ್ಕಿಳಿದ ಸಂಜೆ ನಮ್ಮ ಡಿಫೆಂಡರ್ ಹೆಡ್ ಮಾಡಲು ಹಾರಿ ಕೆಳಗಿಳಿಯುವಾಗ ಮಂಡಿ ತಿರುಚಿ ಬಿದ್ದಳು. ವ್ಯಾಯಾಮ ಮಾಡಿದ್ದರೆ ಹಾಗಾಗುತ್ತಲೇ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಶಸ್ತ್ರಚಿಕಿತ್ಸೆಯ ಬಳಿಕ ಆಕೆಯ ಮನೆಯವರು ಅವಳನ್ನು ಮತ್ತೆ ಕಳಿಸಲಿಲ್ಲ, ಮತ್ತು ಆ ಸಂಜೆ ನಾನೇ "ಬೇಗ ಶುರು ಮಾಡೋಣ" ಎಂದಿದ್ದೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರುಗದ್ದೆಯಾದಾಗ ಕ್ರಿಕೆಟ್ ತಾನಾಗಿ ನಿಲ್ಲುತ್ತದೆ, ಬಯಲೆಲ್ಲ ನಮ್ಮದೇ. ನಮ್ಮ ಅತ್ಯುತ್ತಮ ಆಟಗಳನ್ನೆಲ್ಲ ನಾವು ಜಿಟಿಜಿಟಿ ಮಳೆಯಲ್ಲಿಯೇ ಆಡಿದ್ದೇವೆ.

ಮೈದಾನದ ಸಮಯ ಕೇಳಲು ಹೋದಾಗ ಎದುರಾಗುವ ಪ್ರಶ್ನೆ ಒಂದೇ: "ನಿಮ್ಮಲ್ಲಿ ಸ್ಟೇಟ್ ಆಡಿದವರು ಎಷ್ಟು ಜನ?" 2025ರ ಜುಲೈ 5ರಂದು ಭಾರತದ ಮಹಿಳೆಯರು ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ, ಮೊದಲ ಬಾರಿಗೆ ಅರ್ಹತಾ ಸುತ್ತಿನ ಮೂಲಕ ಏಷ್ಯಾ ಕಪ್‌ಗೆ ಪ್ರವೇಶ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಆ ಸುದ್ದಿ ಬಂದ ದಿನ ನಾವು ಎಷ್ಟು ಸಂಭ್ರಮಿಸಿದೆವೆಂದರೆ ಗುಂಪಿನ ಸಂದೇಶಗಳು ನಡುರಾತ್ರಿಯವರೆಗೂ ನಿಲ್ಲಲಿಲ್ಲ. ಆದರೆ ಆ ಗೆಲುವಿನ ನಂತರ ಪದಕದ ಪ್ರಶ್ನೆ ಇನ್ನಷ್ಟು ಬಿರುಸಾಯಿತು. ಹೆಂಗಸರು ಆಡುವುದಾದರೆ ದೇಶಕ್ಕಾಗಿ ಆಡಬೇಕು, ಇಲ್ಲವಾದರೆ ಮನೆಯಲ್ಲಿರಬೇಕು ಎಂಬಂತೆ. ಭಾನುವಾರ ಕ್ರಿಕೆಟ್ ಆಡುವ ಮೂವತ್ತೈದರ ಗಂಡಸನ್ನು ಯಾರೂ ರಣಜಿ ಆಡಿದ್ದೀರಾ ಎಂದು ಕೇಳುವುದಿಲ್ಲ. ಆತ ಆಡುತ್ತಾನೆ, ಏಕೆಂದರೆ ಆತನಿಗೆ ಆಡಬೇಕೆನಿಸಿದೆ. ನಮ್ಮ ಗೋಲ್‌ಕೀಪರ್‌ಗೂ ಹಾಗೆಯೇ ಅನಿಸಿದೆ. ಆಕೆ ಯಾವ ಪದಕವನ್ನೂ ತರುವುದಿಲ್ಲ, ತರಬೇಕಾಗಿಯೂ ಇಲ್ಲ.

ಈ ವಾರ ನಾವು ಲಿಖಿತ ಅರ್ಜಿ ಕೊಡುತ್ತಿದ್ದೇವೆ. ಹಣ, ಸಮವಸ್ತ್ರ, ಸನ್ಮಾನ ಏನನ್ನೂ ಕೇಳಿಲ್ಲ. ಶನಿವಾರ ಮತ್ತು ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮೈದಾನ ಮಹಿಳಾ ಫುಟ್‌ಬಾಲ್‌ಗೆ ಮೀಸಲು ಎಂದು ಗೇಟಿನ ಬಳಿ ಬೋರ್ಡು ಹಾಕಬೇಕು, ಆ ಹೊತ್ತಿನಲ್ಲಿ ಶೌಚಾಲಯದ ಬೀಗ ತೆಗೆದಿರಬೇಕು. ಅರ್ಜಿಗೆ ಇಪ್ಪತ್ತೆರಡು ಸಹಿ ಬಿದ್ದಿವೆ. ಅವುಗಳಲ್ಲಿ ನಾಲ್ಕು ಭಾನುವಾರದ ಆ ಕ್ರಿಕೆಟ್ ಹುಡುಗರದ್ದು. ಒಬ್ಬನ ತಂಗಿ ಮುಂದಿನ ವಾರದಿಂದ ನಮ್ಮೊಡನೆ ಆಡಲು ಬರುತ್ತಾಳಂತೆ.