ನ್ವೋಯೆ ಯಾಕೆ ಎದ್ದು ಹೋದ?

ಹೋದ ಭಾನುವಾರ ನಾವು ಏಳೆಂಟು ಜನ ಗೆಳೆಯರು ಕೂತು ಚಿನುವಾ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಬಗ್ಗೆ ಮಾತಾಡಿದೆವು. ಸಂಜೆ ನಾಲ್ಕಕ್ಕೆ ಶುರುವಾದದ್ದು ಎಂಟಾದರೂ ಮುಗಿಯಲಿಲ್ಲ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅಲ್ಲಿ ಸರಿಯಾಗಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದದವರಿಗೆ ಎರಡು ಮಾತು. 1958ರಲ್ಲಿ ಬಂದ ಕಾದಂಬರಿ ಇದು. ನೈಜೀರಿಯಾದ ಇಗ್ಬೊ ಜನರ ಕಥೆ. ಒಕೊಂಕ್ವೊ ಉಮುವೋಫಿಯಾ ಊರಿನ ಗಟ್ಟಿ ಕುಳ, ಕುಸ್ತಿಯಲ್ಲಿ ಹೆಸರು ಮಾಡಿದವನು, ಕಣಜದ ತುಂಬ ಯಾಮ್ ಗೆಡ್ಡೆ ಇಟ್ಟವನು. ಅವನಪ್ಪ ಉನೋಕ ಕೊಳಲು ಊದಿಕೊಂಡು, ಊರೆಲ್ಲ ಸಾಲ ಮಾಡಿಕೊಂಡು ಸತ್ತ. ಅಪ್ಪನ ಹಾಗೆ ಆಗಬಾರದು ಅನ್ನುವ ಒಂದೇ ಹಟದ ಮೇಲೆ ಮಗ ಬದುಕುತ್ತಾನೆ. ಆಮೇಲೆ ಪಾದ್ರಿಗಳು ಬರುತ್ತಾರೆ. ಅವರ ಹಿಂದೆಯೇ ಕೋರ್ಟು, ಜೈಲು.

ನಮ್ಮಲ್ಲಿ ಎರಡು ಪಕ್ಷ ಆಯಿತು. ಚೆನ್ನಾಗಿದ್ದ ಊರನ್ನು ಬಿಳಿಯರು ಬಂದು ಹಾಳು ಮಾಡಿದರು ಅಂತ ಕೆಲವರು. ಅವಳಿ ಮಕ್ಕಳನ್ನು ಮಡಕೆಯಲ್ಲಿಟ್ಟು ಕಾಡಿಗೆ ಎಸೆಯುವ ಊರು ಉಳಿದು ಏನಾಗಬೇಕಿತ್ತು ಅಂತ ಉಳಿದವರು. ಒಬ್ಬ ಗೆಳತಿ ಮಾತ್ರ, "ಹೆಂಡತಿಗೆ ಹೊಡೆಯುವವನಿಗಾಗಿ ನಾನು ಯಾಕೆ ಅಳಲಿ?" ಅಂತ ನೇರವಾಗಿ ಕೇಳಿದಳು. ಅವಳ ಸಿಟ್ಟು ಸರಿಯಾದದ್ದೇ. ಆದರೆ ಆ ಊರೇ ಒಕೊಂಕ್ವೊನಿಗೆ ದಂಡ ಹಾಕಿತು ಅನ್ನುವುದನ್ನೂ ನೋಡಬೇಕು. ಬಿತ್ತನೆಗೆ ಮುಂಚೆ ಯಾರೂ ಜಗಳವಾಡಬಾರದ ಶಾಂತಿಯ ವಾರದಲ್ಲಿ ಹೆಂಡತಿ ಮೇಲೆ ಕೈ ಮಾಡಿದ್ದಕ್ಕೆ ಅವನು ಆಡು, ಕೋಳಿ, ಬಟ್ಟೆ, ನೂರು ಕವಡೆ ಕೊಡಬೇಕಾಯಿತು. ಹೆಂಗಸಿನ ಜೊತೆ ಹೊಡೆದಾಡುವುದು ಗಂಡಸ್ತನ ಅಲ್ಲ ಅಂತ ತೀರ್ಪು ಕೊಡುವ ಹಿರಿಯರೂ ಅದೇ ಊರಿನಲ್ಲಿದ್ದಾರೆ. ಇಂಥ ಊರನ್ನು ಒಂದೇ ಮಾತಿನಲ್ಲಿ ಒಳ್ಳೆಯದು, ಕೆಟ್ಟದ್ದು ಅಂದುಬಿಡಲು ನನಗಂತೂ ಆಗುವುದಿಲ್ಲ.

ನನ್ನ ಪ್ರಶ್ನೆ ಬೇರೆ. ಚರ್ಚಿಗೆ ಹೋದವರು ಯಾರು? ಊರಿನ ದೊಡ್ಡವರಲ್ಲಿ ಶುರುವಿಗೆ ಒಬ್ಬನೂ ಹೋಗಲಿಲ್ಲ. ಸಭೆಯಲ್ಲಿ ಯಾರ ಮಾತಿಗೆ ಬೆಲೆ ಇರಲಿಲ್ಲವೋ ಅವರು ಹೋದರು. ನ್ನೆಕ ಅಂತ ಒಬ್ಬಳು ತುಂಬು ಬಸುರಿ ಹೋದಳು. ನಾಲ್ಕು ಸಲ ಹೆತ್ತಿದ್ದಳು, ನಾಲ್ಕು ಸಲವೂ ಅವಳಿ, ಎಲ್ಲವನ್ನೂ ಎಸೆದಿದ್ದರು. ಅವಳು ಹೋದದ್ದಕ್ಕೆ ಗಂಡನ ಮನೆಯವರಿಗೆ ಪೀಡೆ ತೊಲಗಿತು ಅನ್ನಿಸಿತಂತೆ. ಆಮೇಲೆ ಓಸು ಜನ ಹೋದರು, ಅಂದರೆ ದೇವರಿಗೆ ಮೀಸಲು ಅಂತ ಉಳಿದವರಿಂದ ದೂರ ಇಟ್ಟಿದ್ದವರು. ಈ ಪುಟಗಳನ್ನು ಓದುವಾಗ ನಮ್ಮ ಊರು, ಕೇರಿ ಎಲ್ಲ ನೆನಪಾಗದೆ ಇರುತ್ತದಾ?

ಒಕೊಂಕ್ವೊನ ಹಿರಿಮಗ ನ್ವೋಯೆ ಯಾಕೆ ಹೋದ ಅಂತ ತಿಳಿಯಲು ಇಕೆಮೆಫೂನನ ಸಾವನ್ನು ನಿಧಾನವಾಗಿ ಓದಬೇಕು. ಬೇರೆ ಊರಿನಿಂದ ತಪ್ಪುದಂಡವಾಗಿ ಬಂದ ಹುಡುಗ. ಮೂರು ವರ್ಷ ಇವರ ಮನೆಯಲ್ಲೇ ಬೆಳೆದ, ನ್ವೋಯೆಗೆ ಅಣ್ಣನಂತಾದ. ಒಂದು ದಿನ ಅವನನ್ನು ಕೊಲ್ಲಬೇಕೆಂದು ದೇವರ ಅಪ್ಪಣೆ ಆಗುತ್ತದೆ. ನಿನ್ನನ್ನು ಅಪ್ಪ ಅನ್ನುವ ಹುಡುಗ, ನೀನು ಇದರಲ್ಲಿ ಕೈ ಹಾಕಬೇಡ ಅಂತ ಊರಿನ ಹಿರಿಯನೇ ಒಕೊಂಕ್ವೊನಿಗೆ ಬುದ್ಧಿ ಹೇಳುತ್ತಾನೆ. ಆದರೂ ಅವನು ಜೊತೆಗೆ ಹೊರಡುತ್ತಾನೆ.

ಹುಡುಗನಿಗೆ ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿರುತ್ತಾರೆ. ತಲೆ ಮೇಲೆ ಹೆಂಡದ ಗಡಿಗೆ ಹೊತ್ತು ನಡೆಯುತ್ತಿರುತ್ತಾನೆ. ಅಮ್ಮ ಬದುಕಿದ್ದಾಳೋ ಇಲ್ಲವೋ ಅಂತ ಯೋಚನೆ. ಚಿಕ್ಕಂದಿನ ಹಾಡೊಂದನ್ನು ಮನಸ್ಸಿನಲ್ಲೇ ಹೇಳಿಕೊಂಡು ಅದರ ತಾಳಕ್ಕೆ ಹೆಜ್ಜೆ ಹಾಕುತ್ತಾನೆ. ಬಲಗಾಲಿಗೆ ಹಾಡು ಮುಗಿದರೆ ಅಮ್ಮ ಬದುಕಿದ್ದಾಳೆ. ಎಡಗಾಲಿಗೆ ಮುಗಿದರೆ ಸತ್ತಿದ್ದಾಳೆ. ಇಲ್ಲ, ಸತ್ತಿಲ್ಲ, ಸುಮ್ನೆ ಹುಷಾರಿಲ್ಲ ಅಷ್ಟೆ. ಬಲಗಾಲಿಗೆ ಮುಗಿಯುತ್ತದೆ. ಇನ್ನೊಮ್ಮೆ ಹಾಡುತ್ತಾನೆ, ಎಡಗಾಲಿಗೆ ಮುಗಿಯುತ್ತದೆ. ಎರಡನೇ ಸಲದ್ದು ಲೆಕ್ಕಕ್ಕಿಲ್ಲ ಅಂದುಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಏಟು ಬೀಳುತ್ತದೆ, ಗಡಿಗೆ ಮರಳಿಗೆ ಬಿದ್ದು ಒಡೆಯುತ್ತದೆ. "ಅಪ್ಪಾ, ನನ್ನನ್ನು ಕೊಂದರು!" ಅಂತ ಒಕೊಂಕ್ವೊನ ಕಡೆಗೇ ಓಡಿ ಬರುತ್ತಾನೆ. ಅವನು ಮಚ್ಚೆತ್ತಿ ಕಡಿಯುತ್ತಾನೆ, ಜನ ತನ್ನನ್ನು ಪುಕ್ಕಲ ಅಂದಾರು ಅನ್ನುವ ಭಯಕ್ಕೆ.

ಎಷ್ಟು ಸಲ ಓದಿದರೂ ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತುಬಿಡುತ್ತೇನೆ.

ಅವತ್ತು ನ್ವೋಯೆ ಅಳುವುದಿಲ್ಲ. ಬಿಗಿದ ಬಿಲ್ಲು ಮುರಿದ ಹಾಗೆ ಒಳಗೆ ಏನೋ ಮುರಿಯುತ್ತದೆ. ಹಿಂದೊಮ್ಮೆ ಹೊಲದಿಂದ ಬರುವಾಗ ಕಾಡಿನೊಳಗೆ ಮಗು ಅಳುವುದು ಕೇಳಿದಾಗಲೂ ಹಾಗೇ ಆಗಿತ್ತು. ವರ್ಷಗಳಾದ ಮೇಲೆ ಪಾದ್ರಿಗಳ ಹಾಡು ಕಿವಿಗೆ ಬಿದ್ದಾಗ ಆ ಧರ್ಮದ ಮಾತು ಅವನಿಗೆ ಏನೂ ಅರ್ಥವಾಗಿರುವುದಿಲ್ಲ. ಆ ಹಾಡು ಮಾತ್ರ ಅವಳಿಗಳ ಅಳುವಿಗೆ, ಇಕೆಮೆಫೂನನ ಸಾವಿಗೆ ಉತ್ತರದ ಹಾಗೆ ಕೇಳುತ್ತದೆ. ಹೀಗೆ ಅಪ್ಪನೇ ಮಗನನ್ನು ಹೊರಗೆ ದೂಡಿದ್ದ. ಪಾದ್ರಿಗಳು ಬರೀ ಬಾಗಿಲು ತೆರೆದಿಟ್ಟರು.

ಹಾಗಂತ ಬಿಳಿಯರ ತಪ್ಪು ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಮಾತಾಡೋಣ ಬನ್ನಿ ಅಂತ ಕರೆದು ಮುಖಂಡರಿಗೆ ಬೇಡಿ ಹಾಕಿದ ಸರಕಾರ ಅದು. ಒಕೊಂಕ್ವೊ ನೇಣು ಹಾಕಿಕೊಂಡ ಮೇಲೆ ಆ ಸರಕಾರದ ಕಮಿಷನರ್ ಯೋಚಿಸುವುದು ತಾನು ಬರೆಯಲಿರುವ ಪುಸ್ತಕದ ಬಗ್ಗೆ. ಇವನ ಮೇಲೆ ಒಂದು ಅಧ್ಯಾಯ ಬರೆಯಬಹುದು, ಬೇಡ, ಒಂದು ಪ್ಯಾರಾ ಸಾಕು ಅನ್ನುತ್ತಾನೆ. ನಾವು ಇಡೀ ಕಾದಂಬರಿ ಓದಿದ ಬದುಕು ಅವನಿಗೆ ಒಂದು ಪ್ಯಾರಾ.

ನಮ್ಮ ಮಾತು ಇಲ್ಲಿಗೇ ನಿಂತಿತು. ಆದರೆ ನ್ವೋಯೆಯ ಕಥೆ ಇನ್ನೂ ಇದೆ. ಅಚಿಬೆಯವರ 1960ರ 'ನೋ ಲಾಂಗರ್ ಅಟ್ ಈಸ್' ಓದಿ. ಅದರಲ್ಲಿ ಅವನು ಐಸಾಕ್ ಆಗಿ ಮುದುಕನಾಗಿದ್ದಾನೆ. ಮಗ ಓಬಿ ಇಂಗ್ಲೆಂಡಿನಲ್ಲಿ ಓದಿ ಬಂದು ಕ್ಲಾರಾ ಅನ್ನುವ ಹುಡುಗಿಯನ್ನು ಮದುವೆಯಾಗುತ್ತೇನೆ ಅನ್ನುತ್ತಾನೆ. ಕ್ಲಾರಾ ಓಸು. ಓಸುಗಳನ್ನೂ ಸೇರಿಸಿಕೊಂಡ ಚರ್ಚಿಗೆ ಹೋದ ಅದೇ ನ್ವೋಯೆ, ಆ ಹುಡುಗಿ ಬೇಡ ಅನ್ನುತ್ತಾನೆ. ಆಮೇಲೆ ರಾತ್ರಿ ಮಗನನ್ನು ಕೂರಿಸಿಕೊಂಡು ತಾನು ಅಪ್ಪನ ಮನೆ ಬಿಟ್ಟು ಬಂದ ಕಥೆ ಹೇಳುತ್ತಾನೆ. ಅಷ್ಟು ವರ್ಷಗಳಾದ ಮೇಲೂ ಅವನ ಬಾಯಲ್ಲಿ ಬರುವ ಹೆಸರು ಇಕೆಮೆಫೂನ.