ಕುಕ್ಕರ್ ಮೂರು ಕೂಗು ಕೂಗಿದ್ದಕ್ಕೆ

ಈ ಭಾನುವಾರ ಪಕ್ಕದ ಮನೆಯವರು ಒಂದು ಚೀಲ ಬೀನ್ಸ್ ತಂದುಕೊಟ್ಟು, ನಮ್ಮ ಕುಕ್ಕರ್ ಮೇಲೆ ದೂರು ಹೇಳಿ ಹೋದರು. ದೂರು ಅಂತ ಅವರು ಒಪ್ಪುವುದಿಲ್ಲ. "ದೂರಲ್ಲ, ಖಂಡಿತಾ ದೂರಲ್ಲ" ಅಂತ ಹೇಳುತ್ತಲೇ ಹೇಳಿದ್ದು. ನನಗೆ ಇನ್ನೂ ಉರಿ ಇಳಿದಿಲ್ಲ.

ನಾವಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ, ಚಿಲ್ಟರ್ನ್ ಗುಡ್ಡಗಳ ಬುಡಕ್ಕೆ. ಪೂರ್ತಿ ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ. ಒಂದು ಚರ್ಚು, ಒಂದು ಪಬ್ಬು, ಒಂದು ಬಸ್ ಸ್ಟಾಪು. ಭಾನುವಾರ ಬಸ್ಸಿಲ್ಲ, ಸ್ಟಾಪು ಮಾತ್ರ ಇರುತ್ತದೆ. ಒಂದು ಮನೆಯವರು ಗೇಟಿನ ಹತ್ತಿರ ಮೊಟ್ಟೆ ಇಟ್ಟು, ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಊರಿನ ನೆಂಟರಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ "ಎಷ್ಟು ಪ್ರಶಾಂತವಾಗಿದೆ, ಪುಣ್ಯವಂತರು ಕಣ್ರೋ ನೀವು" ಅಂತಾರೆ. ಮನೆ ತೋರಿಸಿದ ಏಜೆಂಟೂ ಅದನ್ನೇ ಹೇಳಿದ್ದ. ಯಾರೂ ಇಲ್ಲಿ ಬಂದು ಒಂದು ರಾತ್ರಿ ಮಲಗಿ ಹೇಳಿದ್ದಲ್ಲ.

ಇಲ್ಲಿನ ಪ್ರಶಾಂತತೆ ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ಚಿಮಣಿ ಮೇಲೆ ಕಾಡುಪಾರಿವಾಳ ಕೂತು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ, ಪಲ್ಲವಿ ಮುಗಿಸಿ ಮುಂದಕ್ಕೆ ಹೋಗುವುದೇ ಇಲ್ಲ. ಹಾಡಿ ಹಸಿವಾದ ಮೇಲೆ ಹಿಂದಿನ ಹೊಲಕ್ಕೆ ಇಳಿಯುತ್ತದೆ. ಅಲ್ಲಿ ಸಾಸಿವೆ ಜಾತಿಯ ಎಣ್ಣೆಕಾಳಿನ ಬೆಳೆ ಈಗಷ್ಟೇ ಮೊಳಕೆ ಒಡೆದಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹಳದಿ ಹೂವಿನ ಮಧ್ಯೆ ನಿಂತು ಎಲ್ಲರೂ ಫೋಟೋ ಹಾಕುತ್ತಾರಲ್ಲ, ಅದೇ ಬೆಳೆ. ಪಾರಿವಾಳ ಓಡಿಸಲು ರೈತ ಗ್ಯಾಸ್ ಫಿರಂಗಿ ಇಟ್ಟಿದ್ದಾನೆ. ಗ್ಯಾಸ್ ಸಿಲಿಂಡರಿಗೆ ಜೋಡಿಸಿದ ಕೊಳವೆ ಅದು. ಟೈಮರ್ ಇದೆ, ಆಳು ಬೇಡ. ತನ್ನ ಪಾಡಿಗೆ ತಾನು ಢಂ ಅನ್ನುತ್ತದೆ, ಥೇಟ್ ದೀಪಾವಳಿಯ ಆಟಂ ಬಾಂಬಿನ ಹಾಗೆ. ಅಮ್ಮ ಇಲ್ಲಿಗೆ ಬಂದಾಗ ಮೊದಲ ದಿನ ಬೆಳಗ್ಗೆ ಹಾಸಿಗೆಯಿಂದಲೇ ಕೂಗಿ ಕೇಳಿದ್ದರು, "ಇಂಡಿಯಾ ಗೆತ್ತಾ?" ಅಂತ. ಪಾರಿವಾಳಗಳು ಹೆದರಿ ಎಲ್ಲಿಗೆ ಹಾರುತ್ತವೆ ಅಂದಿರಿ? ನಮ್ಮ ಚಿಮಣಿಗೆ.

ವಾರಕ್ಕೊಂದು ಸಂಜೆ ಚರ್ಚಿನ ಗಂಟೆಗಳ ಪ್ರಾಕ್ಟೀಸು. ರಾಗ ಗೀಗ ಏನೂ ಇಲ್ಲ. ಗಂಟೆಗಳನ್ನು ಬಾರಿಸುವ ಸರದಿಯನ್ನು ಪ್ರತಿ ಸಲ ಬದಲಾಯಿಸುತ್ತಾ ಹೋಗುವುದೇ ಆಟ. 17ನೇ ಶತಮಾನದಿಂದ ಈ ಹುಚ್ಚು ನಡೆದುಬಂದಿದೆ. ಏಳು ಗಂಟೆಗಳಿದ್ದರೆ 5040 ಥರ ಸರದಿ ಸಾಧ್ಯ, ಅಷ್ಟನ್ನೂ ಬಾರಿಸಲು ಸುಮಾರು ಮೂರು ಗಂಟೆ ಹೊತ್ತು ಬೇಕು. ಏಳು ಸ್ವರಗಳನ್ನು 5040 ಥರ ಜೋಡಿಸಬಹುದು ಅಂತ ನಮ್ಮ ಸಂಗೀತಶಾಸ್ತ್ರದವರೂ ಎಂದೋ ಲೆಕ್ಕ ಹಾಕಿಟ್ಟಿದ್ದಾರೆ. ಆದರೆ ಅವರು ಲೆಕ್ಕ ಹಾಕಿ ಸುಮ್ಮನಾದರು. ಇವರು ಬಾರಿಸಿಯೇಬಿಟ್ಟರು. ನನಗೇನೋ ಆ ಸದ್ದು ಇಷ್ಟವೇ ಅನ್ನಿ. ಆದರೆ 5040ರ ಮುಂದೆ ನನ್ನ ಮೂರು ಯಾವ ಲೆಕ್ಕ?

ಪಕ್ಕದ ಮನೆಯವರು ನಿವೃತ್ತರು. ಹಿಮ ಬಿದ್ದಾಗ ನಮ್ಮ ಬಾಗಿಲ ಮುಂದಿನದನ್ನೂ ಅವರೇ ಗೋರಿ ಹಾಕುತ್ತಾರೆ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟದ ಕೆಲಸ, ನಾನು ಶ್ರಮಪಟ್ಟು ಮಾಡುತ್ತಿದ್ದೇನೆ. ಅವರ ಪದ್ಧತಿ ಏನೆಂದರೆ, ಯಾವ ವಿಷಯಕ್ಕೂ ನೇರ ಬರುವುದಿಲ್ಲ. ಊರೆಲ್ಲ ಪ್ರದಕ್ಷಿಣೆ ಹಾಕಿ ಕೊನೆಗೆ ಗರ್ಭಗುಡಿ. ಭಾನುವಾರವೂ ಮೊದಲು ಹವಾಮಾನ ಬಂತು. ಬೆಳಗ್ಗೆ ಮೋಡ ಇತ್ತು, ಈಗಿಲ್ಲ, ಮಧ್ಯಾಹ್ನ ಬಂದರೂ ಬರಬಹುದು. ಮೂರನ್ನೂ ಒಪ್ಪಿಕೊಂಡೆ. ಆಮೇಲೆ ರನ್ನರ್ ಬೀನ್ಸ್. ಸೆಪ್ಟೆಂಬರ್‌ನಲ್ಲಿ ಇಲ್ಲಿ ಎಲ್ಲರ ಹಿತ್ತಲಲ್ಲೂ ಬೀನ್ಸೇ, ಕೊಡುವವರೇ ಜಾಸ್ತಿ, ತಗೊಳ್ಳುವವರಿಲ್ಲ. ಚೀಲ ತಗೊಂಡೆ. ಆಮೇಲೆ ಗುಲಾಬಿ ಗಿಡಕ್ಕೆ ಕಪ್ಪು ಚುಕ್ಕೆ ರೋಗ ಬಂದ ಕಥೆ. ನಾನು ಬಾಗಿಲು ಹಿಡಿದು ನಿಂತಿದ್ದೇನೆ, ಒಳಗೆ ಒಲೆ ಮೇಲೆ ಬೇಳೆ. ಗುಲಾಬಿಗೆ ಔಷಧಿ ಹೊಡೆಯುವ ಹಂತಕ್ಕೆ ಬಂದಾಗ ಕುಕ್ಕರ್ ಕೂಗಿತು.

ಅವರು ಮಾತು ನಿಲ್ಲಿಸಿದರು. ಮುಖ ಅರಳಿತು.

"ಆಹಾ! ಇದೇ!"

ಆಮೇಲೆ ಹೊರಗೆ ಬಂತು ನೋಡಿ. ನಮ್ಮದು ಜೋಡಿ ಮನೆ, ಮಧ್ಯದ ಗೋಡೆ ಒಂದೇ. ಎಷ್ಟೋ ತಿಂಗಳಿಂದ ಅವರು ಈ ಸದ್ದಿನ ಮೂಲ ಹುಡುಕುತ್ತಿದ್ದಾರಂತೆ. ಮೊದಲು ಹದ್ದು ಅಂದುಕೊಂಡು ಬೈನಾಕ್ಯುಲರ್ ಹಿಡಿದು ಹಿತ್ತಲಲ್ಲಿ ನಿಂತರಂತೆ. ಹದ್ದು ಕಾಣಲಿಲ್ಲ. ಸ್ಮೋಕ್ ಅಲಾರಂ ಇರಬೇಕೆಂದು ಮಹಡಿ ಮೇಲಿನದಕ್ಕೂ ಕೆಳಗಿನದಕ್ಕೂ ಬ್ಯಾಟರಿ ಬದಲಾಯಿಸಿದರಂತೆ. ಕೆಟಲ್ ಮೇಲೆ ಅನುಮಾನ ಬಂದು ಹಳೆಯದನ್ನು ಬಿಸಾಡಿ ಹೊಸದು ತಂದರಂತೆ. ಕೊನೆಗೆ ಬಾಯ್ಲರ್ ರಿಪೇರಿಯವನನ್ನೇ ಕರೆಸಿದರಂತೆ. ಅವನು ಬಾಯ್ಲರ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಇಷ್ಟು ಆರೋಗ್ಯವಾಗಿರುವ ಬಾಯ್ಲರ್ ನೋಡಿಯೇ ಇಲ್ಲ ಅಂತ ಹೇಳಿ ಫೀಸು ತಗೊಂಡು ಹೋದನಂತೆ. ಇಷ್ಟೆಲ್ಲ ಮಾಡುವ ಬದಲು ಬಂದು ಒಂದು ಮಾತು ಕೇಳಬಹುದಿತ್ತು, ಅಲ್ವಾ? ಆದರೆ ಹಾಗೆಲ್ಲ ಬಂದು ಕೇಳುವುದು ಇಲ್ಲಿ ಒರಟುತನ.

ಅಷ್ಟರಲ್ಲಿ ಎರಡನೇ ಕೂಗು.

"ಇನ್ನೂ ಇದೆಯಾ?" ಅಂದರು.

"ಇನ್ನೊಂದು" ಅಂದೆ.

ಇಬ್ಬರೂ ಕಾದೆವು. ಯಾವತ್ತೂ ಗಡಿಬಿಡಿ ಮಾಡುವ ನಮ್ಮ ಕುಕ್ಕರ್ ಅವತ್ತು ಯೋಚನೆಗೆ ಬಿತ್ತು. ಹೊಲದಲ್ಲಿ ಫಿರಂಗಿ ಢಂ ಅಂತು. ಅವರ ರೆಪ್ಪೆ ಸಹ ಅಲ್ಲಾಡಲಿಲ್ಲ. ಅದು ಸದ್ದೇ ಅಲ್ಲವಲ್ಲ. ಕಿವಿ ನಮ್ಮ ಅಡುಗೆಮನೆ ಕಡೆಗೇ ಇತ್ತು. ಕೊನೆಗೂ ಮೂರನೆಯದು ಉದ್ದಕ್ಕೆ ಬಂತು. ಅವರು ಸಮಾಧಾನದಿಂದ ತಲೆಯಾಡಿಸಿದರು. ನಾನು ಹೋಗಿ ಒಲೆ ಆರಿಸಿ ಬಂದೆ. ಹೊರಡುವಾಗ ಬಹಳ ಸಂಕೋಚದಿಂದ ಕೇಳಿದರು: "ಸದ್ದು ಸ್ವಲ್ಪ ಕಡಿಮೆ ಮಾಡೋ ಗುಂಡಿ ಏನಾದರೂ ಇದೆಯಾ ಅದರಲ್ಲಿ?"

ಮನೆಗೆ ಹೋದವರೇ ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡಿದರು. ಪೆಟ್ರೋಲಿನದು. ಅದಾದ ಮೇಲೆ ಬೇಲಿ ಕತ್ತರಿಸುವ ಯಂತ್ರ. ಅದಾದ ಮೇಲೆ ಎಲೆ ಊದುವ ಯಂತ್ರ. ಒಂದು ಪೊರಕೆಯಲ್ಲಿ ಐದು ನಿಮಿಷಕ್ಕೆ ಮುಗಿಯುವ ಎಲೆಗಳನ್ನು ಊದಿ ಊದಿ, ಗಾಳಿ ತಿರುಗಿದಾಗ ಮತ್ತೆ ಊದಿ, ಮಧ್ಯಾಹ್ನ ದಾಟಿಸಿದರು. ಇದೆಲ್ಲ ತೋಟಗಾರಿಕೆ. ನನ್ನದು ಸದ್ದು.

ಆ ಹದ್ದಿನ ವಿಷಯಕ್ಕೆ ಬಂದರೆ ನನಗೆ ಇನ್ನೂ ಉರಿಯುತ್ತದೆ. ರೆಡ್ ಕೈಟ್ ಅಂತ ಅದರ ಹೆಸರು. ಇಂಗ್ಲೆಂಡಿನಲ್ಲಿ 19ನೇ ಶತಮಾನ ಮುಗಿಯುವಷ್ಟರಲ್ಲಿ ಜನ ಅದನ್ನು ಕೊಂದು ಮುಗಿಸಿದ್ದರು. ಆಮೇಲೆ ಮನಸ್ಸು ಕರಗಿ, 1989ರಿಂದ 1994ರವರೆಗೆ ಸ್ಪೇನ್‌ನಿಂದ ಮರಿಗಳನ್ನು ತರಿಸಿ ಈ ಗುಡ್ಡಗಳಲ್ಲಿ ಬಿಟ್ಟರು. ಈಗ ತಲೆ ಎತ್ತಿದರೆ ಅದೇ. ದಿನವಿಡೀ ಸೀಟಿ ಹೊಡೆಯುತ್ತಾ ತಿರುಗುತ್ತದೆ. ಸ್ಪೇನ್‌ನಿಂದ ಬಂದದ್ದು ಸೀಟಿ ಹೊಡೆದರೆ ನಿಂತು ಬೈನಾಕ್ಯುಲರ್ ಎತ್ತುತ್ತಾರೆ. ಬೆಂಗಳೂರಿನಿಂದ ಬಂದದ್ದು ಹೊಡೆದರೆ ಬಾಯ್ಲರ್ ಬಿಚ್ಚುತ್ತಾರೆ.

ಹೆಂಡತಿ ಎಲೆಕ್ಟ್ರಿಕ್ ಕುಕ್ಕರ್ ತಗೊಳ್ಳೋಣ ಅಂತಾಳೆ. ಕೂಗುವುದಿಲ್ಲವಂತೆ, ಪೀಂ ಪೀಂ ಅನ್ನುತ್ತದಂತೆ. ಅಡುಗೆ ಆಯಿತು ಅಂತ ಒಂದು ಪಾತ್ರೆ ಪೀಂ ಅನ್ನುವ ಮನೆಯಲ್ಲಿ ನಾನು ಊಟ ಮಾಡಲಾರೆ. ಕಿಟಕಿ ಮುಚ್ಚಿ ಅಡುಗೆ ಮಾಡಿಯೂ ನೋಡಿದ್ದಾಯಿತು. ಒಣಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಬಡಿದುಕೊಂಡು, ಕುಕ್ಕರೇ ವಾಸಿ ಅನ್ನಿಸಿತು.

ಮೈಸೂರಿನಲ್ಲಿ ನಾವಿದ್ದದ್ದು ವಠಾರದಲ್ಲಿ. ಬೆಳಗ್ಗೆ ಎಂಟಕ್ಕೆ ಸಾಲಾಗಿ ಎಲ್ಲರ ಮನೆ ಕುಕ್ಕರೂ ಕೂಗುತ್ತಿದ್ದವು. ಅಮ್ಮ ಕಾಫಿ ಸೋಸುತ್ತಲೇ ಹೇಳುತ್ತಿದ್ದರು, "ಮೇಷ್ಟ್ರ ಮನೇಲಿ ಆರಾಯ್ತು, ಕಡಲೆಕಾಳಿರಬೇಕು. ಮೂಲೆ ಮನೇಲಿ ಇನ್ನೂ ಒಂದೂ ಆಗಿಲ್ಲ, ಹುಷಾರಿಲ್ವೋ ಏನೋ, ನೋಡ್ಕೊಂಡು ಬಾ." ನಾನು ಹೋಗಿ ನೋಡಿಕೊಂಡು ಬರುತ್ತಿದ್ದೆ. ಇಲ್ಲಿ ಕೂಗುವುದು ನಮ್ಮದೊಂದೇ. ಅದಕ್ಕೆ ಪಾಪ ಜೊತೆಗೆ ಯಾರೂ ಇಲ್ಲ.

ಭಾನುವಾರ ಸಂಜೆ ಅವರ ಬೀನ್ಸಿನದೇ ಹುಳಿ ಮಾಡಿದೆವು. ಬೇಳೆಗೆ ಮತ್ತೆ ಮೂರು ಕೂಗು. ಗೋಡೆಯಾಚೆ ಟಿವಿ ಸದ್ದು ಸಣ್ಣದಾಯಿತು. ಎಣಿಸುತ್ತಿದ್ದರೋ ಏನೋ.

ಇನ್ನು ದೀಪಾವಳಿ ಬರುತ್ತಿದೆ. ಇಲ್ಲಿ 2004ರ ಪಟಾಕಿ ನಿಯಮದ ಪ್ರಕಾರ ಮಾಮೂಲಿ ದಿನ ರಾತ್ರಿ ಹನ್ನೊಂದಕ್ಕೆ ನಿಲ್ಲಿಸಬೇಕು. ನವೆಂಬರ್ 5ರಂದು, ಅವರದೇ ಹಬ್ಬಕ್ಕೆ, ಮಧ್ಯರಾತ್ರಿ ತನಕ ಬಿಟ್ಟಿದ್ದಾರೆ. ದೀಪಾವಳಿಗೆ? ರಾತ್ರಿ ಒಂದು ಗಂಟೆ ತನಕ! ಇದನ್ನು ಓದಿದಾಗಿನಿಂದ ನನಗೆ ಬಲ ಬಂದಿದೆ. ಪಕ್ಕದವರಿಗೆ ಮುಂಚೆಯೇ ತಿಳಿಸೋಣವೆಂದು ಒಂದು ಕಾರ್ಡ್ ಬರೆದೆ. ಅವರದೇ ಧಾಟಿ. ಮೊದಲು ಹವಾಮಾನ, ಆಮೇಲೆ ಬೀನ್ಸ್ ಬಹಳ ಚೆನ್ನಾಗಿತ್ತು, ಆಮೇಲೆ ಗುಲಾಬಿ ಹೇಗಿದೆ, ಕೊನೆಗೆ ಕಾನೂನು, ಕೊನೆಯ ಸಾಲಿನಲ್ಲಿ ಒಂದು ಗಂಟೆ.

ಹೆಂಡತಿ ಓದಿ ನೋಡಿ, "ನಾವು ತಂದಿರೋದು ಎರಡು ಡಬ್ಬ ಸುರ್‌ಸುರ್‌ಬತ್ತಿ. ಅದಕ್ಕೆಲ್ಲಿ ಸದ್ದಿದೆ?" ಅಂದಳು.

ಇರಲಿ. ಕಾರ್ಡ್ ಹಾಕಿಯೇ ಬಂದೆ. ಬಾಯ್ಲರ್‌ನವನನ್ನು ಮತ್ತೆ ಕರೆಸಬಾರದಲ್ಲ.